ಸಹಾಯ ಬೇಕು: ಮಕ್ಕಳ ಪ್ರಶ್ನೆಯಿಂದ ಹೊಣೆಗಾರಿಕೆಯವರೆಗೆ

ಎಲ್ಲರಿಗೂ ನಮಸ್ಕಾರ. ನಾನು 5ರಿಂದ 6 ವರ್ಷದ ಮಕ್ಕಳಿಗೆ ಕಲಿಸುತ್ತೇನೆ. ಸಮಾಜಕ್ಕೆ ನೆರವಾಗುವವರ ಪಾಠವನ್ನು ಈ ಬಾರಿ ಚಿತ್ರಪಟ ತೋರಿಸಿ ಹೆಸರು ಹೇಳಿಸುವುದಕ್ಕಷ್ಟೇ ಸೀಮಿತಗೊಳಿಸದೆ, ಮಕ್ಕಳೇ ಪ್ರಶ್ನೆ ಕೇಳಿ ಉತ್ತರ ಹುಡುಕುವಂತೆ ನಡೆಸುತ್ತಿದ್ದೇನೆ.

ಕಳೆದ ವಾರ ತರಗತಿಯ ಕಸದ ಬುಟ್ಟಿಯನ್ನು ಬೇಕೆಂದೇ ಎರಡು ದಿನ ಖಾಲಿ ಮಾಡಿಸಲಿಲ್ಲ. ಪೆನ್ಸಿಲ್ ಕೆತ್ತಿದ ಚೂರುಗಳು ನೆಲಕ್ಕೆ ಚೆಲ್ಲತೊಡಗಿದಾಗ ಒಂದು ಮಗು, "ದಿನಾ ಇದನ್ನ ಯಾರು ತೆಗೀತಾರೆ? ಅವರಿಗೆ ಜ್ವರ ಬಂದ್ರೆ?" ಎಂದು ಕೇಳಿತು. ಆ ಎರಡನೆಯ ಪ್ರಶ್ನೆ ನನಗೆ ಇಡೀ ಪಾಠಕ್ಕಿಂತ ದೊಡ್ಡದೆನಿಸಿತು. ಶಿಕ್ಷಕರು ಪ್ರಶ್ನೆಯ ನಂತರ ಕನಿಷ್ಠ 3 ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಸಂಶೋಧನೆ ತೋರಿಸಿದೆಯಾದ್ದರಿಂದ, ನಾನೂ ಸುಮ್ಮನೆ ಕಾದೆ. "ನಾವೇ ತೆಗೀಬೇಕು" ಎಂಬ ಮಾತು ಮಕ್ಕಳಿಂದಲೇ ಬಂತು.

ತೊಡಕು ಇರುವುದು ಇಲ್ಲಿಂದ ಮುಂದೆ. ಗಿಡಕ್ಕೆ ನೀರು ಹಾಕುವುದು, ಪುಸ್ತಕ ಜೋಡಿಸುವುದು ಮುಂತಾದ ಕೆಲಸಗಳನ್ನು ಅವರೇ ಹಂಚಿಕೊಂಡರೂ ಮೂರೇ ದಿನದಲ್ಲಿ ಉತ್ಸಾಹ ಇಳಿಯಿತು. ನಾನು ನೆನಪಿಸಿದರೆ ಅದು ಅಪ್ಪಣೆಯಾಗುತ್ತದೆ, ಬಹುಮಾನ ಕೊಡಲು ನನಗೆ ಮನಸ್ಸಿಲ್ಲ. ಕೆಲಸಗಳ ಸರದಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುವುದು ಸೂಕ್ತ? ಬರೆಯಲು ಇನ್ನೂ ಬಾರದ, ಮಾತನಾಡಲು ಹಿಂಜರಿಯುವ ಮಕ್ಕಳ ಪ್ರಶ್ನೆಗಳನ್ನು ಹೇಗೆ ದಾಖಲಿಸುತ್ತೀರಿ? ಈ ವಿಧಾನವನ್ನು ತರಗತಿಯಲ್ಲಿ ನಡೆಸಿದ ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಿ.