ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿದ್ರೆ ನಿಜವಾಗ್ಲೂ ಪೆಟ್ರೋಲ್ ಉಳಿಯುತ್ತಾ?

ಬನಶಂಕರಿ_ಸವಾರ:
ಎಲ್ರಿಗೂ ನಮಸ್ಕಾರ. ದಿನಾ ಬನಶಂಕರಿಯಿಂದ ಮಾರತ್‌ಹಳ್ಳಿಗೆ ಓಡಾಟ, ಹಳೇ 1.2 ಪೆಟ್ರೋಲ್ ಕಾರು. ಹೈವೇಲಿ 18 ಕೊಡೋ ಗಾಡಿ ಇಲ್ಲಿ 10 ದಾಟಲ್ಲ. ಮೊನ್ನೆ ಟೈಮ್ ನೋಡ್ಕೊಂಡು ಹೋದೆ, ಒಂದು ಕಡೆಗೇ ಹತ್ರತ್ರ 35 ನಿಮಿಷ ಸುಮ್ನೆ ನಿಂತಿದ್ದೀನಿ, ಹೊಟ್ಟೆ ಉರಿಯುತ್ತೆ. ಆಫ್ ಮಾಡೋಣ ಅಂದ್ರೆ ಸ್ಟಾರ್ಟರ್ ಹೋಗುತ್ತೆ ಅಂತ ನಮ್ಮಣ್ಣ ಬೈತಾನೆ. ಏನ್ ಮಾಡ್ಲಿ?

ಗ್ಯಾರೇಜ್_ಗೆಳೆಯ:
ಆಫ್ ಮಾಡಿ ಸಾರ್. ಆ ಸೈಜಿನ ಎಂಜಿನ್ ನಿಂತಲ್ಲೇ ಉರಿದ್ರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತೆ, ಎಸಿ ಹಾಕಿದ್ರೆ ಇನ್ನೂ ಜಾಸ್ತಿ. ಮತ್ತೆ ಸ್ಟಾರ್ಟ್ ಮಾಡೋಕೆ ಹೋಗೋದು ಸುಮಾರು ಹತ್ತು ಸೆಕೆಂಡ್ ಐಡ್ಲಿಂಗ್‌ನಷ್ಟು ಪೆಟ್ರೋಲ್ ಅಷ್ಟೆ. ಕೌಂಟ್‌ಡೌನ್ 30ರ ಮೇಲಿದ್ರೆ ಕೀ ತಿರುಗಿಸಿ, ಇಂಚಿಂಚು ಮುಂದೆ ಹೋಗೋ ಜಾಮಲ್ಲಿ ಬೇಡ, ಆಗ ನಿಮ್ಮಣ್ಣ ಹೇಳಿದ್ದು ಸರಿ. ಬ್ಯಾಟರಿ ಹಳೇದಾಗಿದ್ರೆ ಮೊದ್ಲು ಚೆಕ್ ಮಾಡಿಸಿ. ಇಳಿಜಾರಲ್ಲಿ ಉರುಳ್ತಾ ಇರುವಾಗ ಮಾತ್ರ ಯಾವತ್ತೂ ಆಫ್ ಮಾಡ್ಬೇಡಿ, ಬ್ರೇಕು ಸ್ಟೀರಿಂಗು ಎರಡೂ ಗಟ್ಟಿ ಆಗಿಬಿಡುತ್ತೆ.

ರಸ್ತೆ_ಲೆಕ್ಕ:
ಕೀ ತಿರುಗಿಸೋದು ನಮ್ಮ ಕೈಲಿರೋದು, ಮಾಡೋಣ. ಆದ್ರೆ ನಿಲ್ಲೋದೇ ಕಮ್ಮಿ ಆಗ್ಬೇಕಲ್ವಾ? ಎರಡು ಸಿಗ್ನಲ್ ಮಧ್ಯೆ 500 ಮೀಟರ್ ಇದೆ ಅಂದ್ಕೊಳ್ಳಿ, 40ರ ಸ್ಪೀಡಲ್ಲಿ ಹೋದ್ರೆ 45 ಸೆಕೆಂಡ್. ಮೊದಲನೇದು ಹಸಿರಾಗಿ 45 ಸೆಕೆಂಡಿಗೆ ಎರಡನೇದೂ ಹಸಿರಾದ್ರೆ ಗಾಡಿಗಳ ಗುಂಪು ನಿಲ್ಲದೇ ದಾಟುತ್ತೆ. ರೆಸಿಡೆನ್ಸಿ ರಸ್ತೆ ಥರ ಒನ್‌ವೇನಲ್ಲಿ ಇದನ್ನ ಹೊಂದಿಸೋದು ಸುಲಭ, ಎರಡೂ ಕಡೆ ಓಡಾಟ ಇದ್ರೆ ಒಂದ್ ಕಡೆಗೆ ಹೊಂದಿಸಿದ್ರೆ ಇನ್ನೊಂದ್ ಕಡೆ ತಪ್ಪುತ್ತೆ. ಈಗ ನಗರದಲ್ಲಿ ಸಿ-ಡ್ಯಾಕ್ (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಅವರ ಅಡಾಪ್ಟಿವ್ ಸಿಗ್ನಲ್ ಬರ್ತಿವೆ, ಕ್ಯಾಮೆರಾ ಗಾಡಿ ಎಣಿಸಿ ಹಸಿರಿನ ಟೈಮ್ ಹೆಚ್ಚು ಕಮ್ಮಿ ಮಾಡುತ್ತೆ, ಒಳ್ಳೇ ಕೆಲಸ. ಆದ್ರೂ ಒಂದು ಲೇನಲ್ಲಿ ಹಸಿರಿದ್ದಾಗ ಎರಡು ಸೆಕೆಂಡಿಗೆ ಒಂದು ಕಾರು ದಾಟೋದೇ ಹೆಚ್ಚು, ಸರ್ಕಲ್ ದಾಟಿದ ತಕ್ಷಣ ಎಡಕ್ಕೆ ಆಟೋ, ಡೆಲಿವರಿ ವ್ಯಾನು, ಬಸ್‌ಸ್ಟಾಪು ಎಲ್ಲ ಒಟ್ಟಿಗೆ ಇದ್ರೆ ಹಸಿರು ಎಷ್ಟೊತ್ತಿದ್ರೂ ದಂಡ. ಸ್ಟಾಪನ್ನ ನೂರಿನ್ನೂರು ಮೀಟರ್ ಆಚೆ ಸರಿಸಿದ್ರೇನೇ ಎಷ್ಟೋ ಸಡಿಲ ಆಗುತ್ತೆ.

ಬಸ್ಸಲ್ಲಿ_ಕೂತವಳು:
ಮೊದಲು ಅದೇ ಬಸ್ಸಿಗೇ ದಾರಿ ಬಿಡಿ ಅಂತೀನಿ ನಾನು. 2019ರ ಕೊನೇಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರಂ ಕಡೆಗೆ ರಿಂಗ್ ರೋಡಲ್ಲಿ ಬಸ್ಸಿಗೇ ಅಂತ ಲೇನ್ ಮಾಡಿದ್ರು, ನೆನಪಿದ್ಯಾ? ನಾನು ಆಗ ಅದೇ ಬಸ್ಸಲ್ಲಿ ಓಡಾಡ್ತಿದ್ದೆ, ಪಕ್ಕದ ಕಾರುಗಳು ನಿಂತಿರೋವಾಗ ನಾವು ಮುಂದೆ ಹೋಗ್ತಿದ್ವಿ, ಬಸ್ಸಲ್ಲಿ ಬಂದ್ರೆ ಬೇಗ ಅನ್ನೋ ಭಾವನೆ ಬಂದಿದ್ದೇ ಅವತ್ತು. ಆಮೇಲೆ ಮೆಟ್ರೋ ಕೆಲಸ ಶುರುವಾಯ್ತು, ಲೇನ್ ಹೋಯ್ತು. ಒಂದು ಬಸ್ಸಲ್ಲಿ ಐವತ್ತು ಜನ ಇದ್ರೆ, ಅಷ್ಟು ಜನಕ್ಕೆ ಎಷ್ಟು ಕಾರು ಬೇಕು ಲೆಕ್ಕ ಹಾಕಿ. ಮೆಟ್ರೋ ಬಂದ್ಮೇಲೂ ಆ ಲೇನ್ ವಾಪಸ್ ಬೇಕು, ಸ್ಟೇಷನ್ನಿಂದ ಆಫೀಸಿಗೆ ಬಸ್ಸೇ ತಾನೆ.

ಬನಶಂಕರಿ_ಸವಾರ:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಆರು ಸಿಗ್ನಲ್‌ನಲ್ಲಿ ಆಫ್ ಮಾಡಿದೆ, ಗಾಡಿ ಏನೂ ತಕರಾರು ಮಾಡ್ಲಿಲ್ಲ. ಅಕ್ಕಾ, ಬೆಳಿಗ್ಗೆ ಏಳೂವರೆಗೆ ಬನಶಂಕರಿಯಿಂದ ಆ ಕಡೆ ಬಸ್ಸಲ್ಲಿ ಸೀಟ್ ಸಿಗುತ್ತಾ? ವಾರಕ್ಕೆ ಎರಡು ದಿನ ನೋಡೋಣ ಅಂತಿದೀನಿ.

ಬಸ್ಸಲ್ಲಿ_ಕೂತವಳು:
ಟಿಟಿಎಂಸಿ, ಅಂದ್ರೆ ಬನಶಂಕರಿ ಬಸ್ ನಿಲ್ದಾಣದ ಒಳಗೇ ಹತ್ತಿ, ಹೊರಗಡೆ ಸ್ಟಾಪಲ್ಲಿ ಕಾಯ್ಬೇಡಿ. ಸೀಟ್ ಸಿಗುತ್ತೆ.