‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ’: ಇಲ್ಲಿ ‘ಪ್ರತ್ಯೇಕವಾಗಿ’ ಸರಿಯಾದ ಪದವೇ?

ಪಾಲುದಾರಿಕೆ ಪತ್ರಗಳನ್ನು ಕನ್ನಡದಲ್ಲಿ ಬರೆಯುವಾಗ, ಇಂಗ್ಲಿಷಿನ ‘jointly and severally’ ಎಂಬುದರ ಅನುವಾದವಾಗಿ ‘ಪಾಲುದಾರರು ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆಗಾರರು’ ಎಂಬ ಮಾತನ್ನು ಬಳಸುವುದುಂಟು. ಕಾನೂನಿನ ಪರಿಚಯವಿಲ್ಲದವರು ಇದನ್ನು ಓದಿದಾಗ, ಫರ್ಮಿನ (ಪಾಲುದಾರಿಕೆ ಸಂಸ್ಥೆಯ) ಸಾಲವನ್ನು ಎಲ್ಲರೂ ಕೂಡಿ ತೀರಿಸಬೇಕು, ಇಲ್ಲವೇ ಅವರವರ ಪಾಲಿನಷ್ಟನ್ನು ಅವರವರು ಕೊಟ್ಟರೆ ಸಾಕು ಎಂದು ತಿಳಿಯುವ ಸಂಭವವಿದೆ. ಏಕೆಂದರೆ ‘ಪ್ರತ್ಯೇಕ’ ಎಂದೊಡನೆ ಮನಸ್ಸಿಗೆ ಬರುವುದು ಬೇರೆ ಮಾಡಿಟ್ಟ ಭಾಗ. ಕಾನೂನಿನ ಅರ್ಥ ಇದಕ್ಕೆ ತೀರ ವಿರುದ್ಧವಾಗಿದೆ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನಂತೆ, ತಾನು ಪಾಲುದಾರನಾಗಿರುವಾಗ ಫರ್ಮು ಮಾಡಿದ ಎಲ್ಲ ಕಾರ್ಯಗಳಿಗೂ ಪ್ರತಿಯೊಬ್ಬನೂ ಉಳಿದವರೊಡನೆ ಕೂಡಿಯೂ ಹೊಣೆ, ತಾನೊಬ್ಬನೇ ಆಗಿಯೂ ಹೊಣೆ. ಸಮಪಾಲಿನ ಮೂವರಲ್ಲಿ ಒಬ್ಬರು ಫರ್ಮಿನ ವ್ಯವಹಾರಕ್ಕಾಗಿ, ಫರ್ಮಿನ ಹೆಸರಿನಲ್ಲೇ, 9 ಲಕ್ಷ ರೂಪಾಯಿಯ ಸರಕನ್ನು ಸಾಲಕ್ಕೆ ತಂದರೆಂದುಕೊಳ್ಳೋಣ. ಮಾರಿದವರು ಆ ಸರಕನ್ನು ನೋಡಿಯೂ ಇರದ ಮೂರನೆಯ ಪಾಲುದಾರರಿಂದಲೇ ಪೂರ್ತಿ 9 ಲಕ್ಷವನ್ನು ಕೇಳಬಹುದು, ಅವರ ಸ್ವಂತ ಆಸ್ತಿಯೂ ಅದಕ್ಕೆ ಒಳಪಡುತ್ತದೆ. ಹಾಗೆ ತೆತ್ತವರು ಉಳಿದಿಬ್ಬರಿಂದ ತಲಾ 3 ಲಕ್ಷವನ್ನು ವಸೂಲು ಮಾಡಿಕೊಳ್ಳುವುದು ಅವರೊಳಗಿನ ಲೆಕ್ಕ. ಸಾಲ ಕೊಟ್ಟವರಿಗೆ ಅದು ಸಂಬಂಧಿಸಿದ್ದಲ್ಲ.

ಈ ಹೊಣೆಯ ಮೂಲ 4ನೇ ಕಲಮಿನಲ್ಲಿದೆ. ಲಾಭ ಹಂಚಿಕೊಳ್ಳುವ ಒಪ್ಪಂದವೊಂದೇ ಪಾಲುದಾರಿಕೆಯಾಗುವುದಿಲ್ಲ. ವ್ಯವಹಾರವನ್ನು ಎಲ್ಲರೂ, ಅಥವಾ ಎಲ್ಲರ ಪರವಾಗಿ ಅವರಲ್ಲಿ ಒಬ್ಬರೋ ಕೆಲವರೋ ನಡೆಸುತ್ತಿರಬೇಕು. ಒಬ್ಬರು ಮಾಡಿದ್ದಕ್ಕೆ ಎಲ್ಲರೂ ಹೊಣೆಯಾಗುವುದು ಇದರಿಂದಲೇ. ಫರ್ಮು ಕಂಪನಿಯಂತೆ ಪ್ರತ್ಯೇಕ ಕಾನೂನು ವ್ಯಕ್ತಿಯಲ್ಲ, ಪಾಲುದಾರರಿಗೆಲ್ಲ ಸೇರಿ ಇಟ್ಟ ಹೆಸರು ಮಾತ್ರ. (2008ರ ಕಾಯ್ದೆಯಡಿ ಬರುವ ಸೀಮಿತ ಹೊಣೆಯ ಪಾಲುದಾರಿಕೆ ಪ್ರತ್ಯೇಕ ವ್ಯಕ್ತಿಯೇ ಆದ್ದರಿಂದ, ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂಬ ವಾಕ್ಯವನ್ನು ಅಲ್ಲಿಗೆ ಎತ್ತಿ ಹಾಕುವುದು ತಪ್ಪು.)

ಗಮನಿಸಬೇಕಾದದ್ದೆಂದರೆ, ಪಾಲಿಗೆ ಸೀಮಿತವಾದ ಹೊಣೆ ಎಂಬುದು ಇದೇ ಕಾಯ್ದೆಯಲ್ಲಿ ಬೇರೊಂದು ಕಡೆ ಇದೆ: ಲಾಭಕ್ಕೆ ಮಾತ್ರ ಸೇರಿಸಿಕೊಂಡ ಅಪ್ರಾಪ್ತ ವಯಸ್ಕನದು, 30ನೇ ಕಲಮಿನಲ್ಲಿ. ನಮ್ಮ ಅನುವಾದವು ವಯಸ್ಕ ಪಾಲುದಾರರಿಗೆ ಅಪ್ರಾಪ್ತನ ರಕ್ಷಣೆಯನ್ನು ಹೊದಿಸಿದಂತೆ ಕೇಳಿಸುತ್ತದೆ. ಸಹಿ ಹಾಕುವವರ ಮನೆಮಠದ ಪ್ರಶ್ನೆ ಇದಾದ್ದರಿಂದ ಇದನ್ನು ಸಣ್ಣ ಲೋಪವೆಂದು ಬಿಡುವಂತಿಲ್ಲ.

‘ಬಿಡಿಯಾಗಿ’ ಎಂಬುದರಲ್ಲೂ ಇದೇ ತೊಡಕಿದೆ. ‘ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಪೂರ್ಣ ಹೊಣೆಗಾರರು’ ಎಂದರೆ ಸಂದೇಹ ಉಳಿಯದು ಎಂದು ನನ್ನ ಅಭಿಪ್ರಾಯ. ‘ಪೂರ್ಣ’ ಎಂಬುದು ಮೂಲದಲ್ಲಿಲ್ಲ ಎಂಬ ಆಕ್ಷೇಪಕ್ಕೆ, ಮೂಲದ ಅರ್ಥದಲ್ಲಿ ಅದು ಇದ್ದೇ ಇದೆ ಎಂಬುದು ನನ್ನ ಉತ್ತರ. ಪತ್ರ ಬರೆಯುವ ಅನುಭವವುಳ್ಳವರು ಇದನ್ನು ಒಪ್ಪುವರೇ, ಅಥವಾ ಇದಕ್ಕಿಂತ ಅಡಕವಾದ ಪ್ರಯೋಗ ಬಳಕೆಯಲ್ಲಿದೆಯೇ ಎಂದು ದಯವಿಟ್ಟು ತಿಳಿಸಬೇಕು.