ವಾಸ್ತುಶಿಲ್ಪ ಪದವಿಯ ನಂತರ ಅಧ್ಯಾಪನ: ಪರಂಪರೆಯ ಸಂರಕ್ಷಣೆಯೋ, ನಗರ ಯೋಜನೆಯೋ?

ಪ್ರಶ್ನೆ: ತೊಟ್ಟಿಮನೆ

ಮಾನ್ಯರೆ, ನಾನು ಮೈಸೂರಿನಲ್ಲಿ ಬಿ.ಆರ್ಕ್ ಮುಗಿಸಿ ಖಾಸಗಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಸಿದ್ಧಪಡಿಸುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಆದರೆ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವೂ 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿದಾಗ ನಡೆದ ಚರ್ಚೆಗಳನ್ನು ಓದುತ್ತಾ ಹೋದಂತೆ, ಒಂದು ಕಟ್ಟಡದ ಅಳಿವು ಉಳಿವು ಗಾರೆಯ ಗಟ್ಟಿತನದ ಮೇಲೆ ಎಷ್ಟು ನಿಂತಿದೆಯೋ, ಮಾಲೀಕತ್ವ, ಬಾಡಿಗೆ, ದುರಸ್ತಿಗೆ ಬೇಕಾದ ಹಣ ಮತ್ತು ನಗರದ ಮಹಾಯೋಜನೆಯ (ಮಾಸ್ಟರ್ ಪ್ಲ್ಯಾನ್) ನಿಯಮಗಳ ಮೇಲೆ ಅದಕ್ಕಿಂತ ಹೆಚ್ಚಾಗಿ ನಿಂತಿದೆ ಎಂಬ ಭಾವನೆ ಬಲವಾಗಿದೆ. ಮುಂದೆ ಅಧ್ಯಾಪನ ಮತ್ತು ಸಂಶೋಧನೆಯಲ್ಲೇ ತೊಡಗಿಕೊಳ್ಳಬೇಕೆಂಬುದು ನನ್ನ ಆಸೆ. ಸಂರಕ್ಷಣೆಯಲ್ಲಿ ಎಂ.ಆರ್ಕ್ ಮಾಡಲೇ, ಅಥವಾ ನಗರ ಯೋಜನೆಯ ಎಂ.ಪ್ಲ್ಯಾನ್ ಸೇರಲೇ? ಎರಡರ ನಡುವೆ ನಿಂತವರಿಗೆ ಕಾಲೇಜುಗಳಲ್ಲಿ ಸ್ಥಾನವಿದೆಯೇ ಎಂಬುದು ಮನೆಯವರ ಪ್ರಶ್ನೆಯೂ ಹೌದು. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಅಧ್ಯಾಪಕ, ನಗರ ಯೋಜನೆ

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಹಂಪಿಯನ್ನು ನೋಡಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. ಯಾವುದೋ ಮಂಟಪದ ಕಂಬ ಮುರಿದದ್ದು ಇದಕ್ಕೆ ಕಾರಣವಲ್ಲ. ಆನೆಗೊಂದಿಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆಯೂ ಅದರ ಹಿಂದೆ ಬರಲಿದ್ದ ವಾಹನ ಸಂಚಾರವೂ ಮುಖ್ಯ ಕಾರಣವಾಗಿದ್ದವು. ನದಿ ದಾಟಲು ಸೇತುವೆ ಬೇಕೆಂಬ ಜನರ ಬೇಡಿಕೆಯಲ್ಲಿ ತಪ್ಪೇನೂ ಇರಲಿಲ್ಲ, ಸ್ಮಾರಕಗಳ ನಡುವೆ ಭಾರಿ ವಾಹನಗಳು ಓಡಬಾರದೆಂಬ ಆತಂಕದಲ್ಲೂ ತಪ್ಪಿರಲಿಲ್ಲ. ಇವೆರಡನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ಯೋಚಿಸುವ ಸಂಸ್ಥೆ ಆಗ ಇರಲಿಲ್ಲ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂದದ್ದು 2002ರಲ್ಲಿ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. 2009ರ ಜನವರಿಯಲ್ಲಿ ಆ ಸೇತುವೆ ನಿರ್ಮಾಣದ ಹಂತದಲ್ಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. 2011ರಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಕಲ್ಲನ್ನು ಕಾಪಾಡುವ ಕಾನೂನು ಅದರ ಪಕ್ಕದಲ್ಲಿ ಬದುಕುವವರ ಬಗ್ಗೆ ಏನು ಹೇಳಬೇಕು ಎಂಬ ಪ್ರಶ್ನೆಗೆ ಹಂಪಿಯಲ್ಲಿ ಇಂದಿಗೂ ಸಮಾಧಾನಕರ ಉತ್ತರ ಸಿಕ್ಕಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಕಾನೂನಿನ ಕಡೆ ಬರೋಣ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನೀವು ಹೇಳಿದ ಮೈಸೂರಿನ ಕಟ್ಟಡಗಳ ಭವಿಷ್ಯ ಈ ಕಾಯ್ದೆಯ ಅಡಿಯಲ್ಲಿ ತೀರ್ಮಾನವಾಗುವಂಥದ್ದಲ್ಲ. ಅಲ್ಲಿ ನೋಡಬೇಕಾದದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂಬ ಪರಿಭಾಷೆಗಳು ಅದರಲ್ಲೇ ಇವೆ. ಅಂದರೆ ಊರಿನ ಬಹುಪಾಲು ಪರಂಪರೆಯ ಹೊಣೆ ಪುರಾತತ್ತ್ವಜ್ಞರಿಗಿಂತ ಯೋಜನಾ ಪ್ರಾಧಿಕಾರದ ಮೇಜಿನ ಮೇಲೆಯೇ ಹೆಚ್ಚು, ಆ ಮೇಜಿನ ಮುಂದೆ ಕೂತವರಲ್ಲಿ ಈ ವಿಷಯವನ್ನು ಓದಿದವರು ಕಡಿಮೆ. ಅವರಿಗೆ ಕಲಿಸುವವರಂತೂ ಇನ್ನೂ ಕಡಿಮೆ. ನಿಮ್ಮ ಸ್ಥಾನ ಅಲ್ಲಿದೆ.

ಪ್ರವೇಶದ ವಿಷಯದಲ್ಲಿ ಹೇಳುವುದಾದರೆ, ಗೇಟ್ ಪರೀಕ್ಷೆಯಲ್ಲಿ ವಾಸ್ತುಶಿಲ್ಪ ಮತ್ತು ಯೋಜನೆ ಒಂದೇ ಪತ್ರಿಕೆಯಡಿ ಬರುತ್ತವೆ. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ, 2008ರಲ್ಲಿ ಆರಂಭವಾದ ಭೋಪಾಲಿನ ಶಾಲೆಯಲ್ಲಿ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಎರಡೂ ವಿಭಾಗಗಳು ಒಂದೇ ಆವರಣದಲ್ಲಿವೆ. ನೀವು ಯಾವ ಪದವಿಗೆ ಸೇರಿದರೂ ಪಕ್ಕದ ವಿಭಾಗದ ತರಗತಿಗಳಲ್ಲಿ ಕೂರಲು ಸಾಧ್ಯವಾಗುವಂಥ ಜಾಗವನ್ನೇ ಆರಿಸಿಕೊಳ್ಳಿ.

ಉತ್ತರ: ಸುಣ್ಣಗಾರೆ

ಮೇಲಿನ ಹಿರಿಯರ ಮಾತಿಗೆ ಗೌರವವಿಟ್ಟೇ ಒಂದು ಎಚ್ಚರಿಕೆ ಹೇಳುತ್ತೇನೆ. ನಾನು ಸಂರಕ್ಷಣಾ ವಾಸ್ತುಶಿಲ್ಪಿ. ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಮದ್ರಾಸ್ ತಾರಸಿಯ ಮೇಲೆ ಸಿಮೆಂಟು ಬಳಿದರೆ ಒಳಗೆ ಸೇರಿದ ನೀರು ಹೊರಹೋಗಲಾರದೆ ಜಂತೆಗಳ ತುದಿ ಕೊಳೆಯುತ್ತದೆ. ಇದನ್ನು ಕಣ್ಣಾರೆ ಕಾಣದವರು ಬರೆದ ನಿಯಮಗಳಲ್ಲಿ ‘ಮುಂಭಾಗವನ್ನು ಉಳಿಸಿಕೊಳ್ಳತಕ್ಕದ್ದು’ ಎಂಬ ಒಂದು ಸಾಲು ಇರುತ್ತದೆಯೇ ಹೊರತು, ಹಿಂದಿನ ತೊಟ್ಟಿ, ಪಡಸಾಲೆ, ಮಾಡಿನ ಗತಿಯೇನು ಎಂಬುದು ಇರುವುದಿಲ್ಲ. ಕಟ್ಟಡ ‘ಶಿಥಿಲವಾಗಿದೆ’ ಎಂಬ ವರದಿ ಬಂದಾಗ ಯಾವುದು ದುರಸ್ತಿಯಾಗುವ ಶಿಥಿಲತೆ, ಯಾವುದು ಅಲ್ಲ ಎಂದು ವಾದಿಸಲು ವಸ್ತುಜ್ಞಾನವೇ ಬೇಕು. ಆದ್ದರಿಂದ ಮೊದಲು ಸಂರಕ್ಷಣೆಯಲ್ಲಿ ಎಂ.ಆರ್ಕ್ ಮಾಡಿ, ಪಿಎಚ್.ಡಿ.ಯನ್ನು ಯೋಜನೆಯ ಕಡೆಗೆ ಒಯ್ಯಿರಿ. ವಾಸ್ತುಶಿಲ್ಪ ಕಾಲೇಜುಗಳ ಬೋಧಕ ಹುದ್ದೆಗೂ ಆ ದಾರಿ ನೇರ.

ಉತ್ತರ: ದೂರದ ಕನ್ನಡಿಗ

ನಾನು ಅಮೆರಿಕದಲ್ಲಿ ನಗರ ಯೋಜನೆಯ ಸಂಶೋಧನಾ ವಿದ್ಯಾರ್ಥಿ. ಇಲ್ಲಿ ಈ ಎರಡು ವಿಷಯಗಳು ಹತ್ತಿರವಾದ ಬಗೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ಆರಂಭಿಸಿದ್ದು 1963ರಲ್ಲಿ. ಮರುವರ್ಷವೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮಾರ್ಸ್ಟನ್ ಫಿಚ್ ಅವರು ಸಂರಕ್ಷಣೆಯ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. 1965ರಲ್ಲಿ ನಗರದ ಸಂರಕ್ಷಣಾ ಕಾನೂನು, 1966ರಲ್ಲಿ ರಾಷ್ಟ್ರೀಯ ಕಾನೂನು ಬಂದವು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗಗನಚುಂಬಿ ಕಟ್ಟಲು ಅನುಮತಿ ಸಿಗದ ಮಾಲೀಕರು ನ್ಯಾಯಾಲಯಕ್ಕೆ ಹೋದಾಗ, 1978ರಲ್ಲಿ ಸುಪ್ರೀಂ ಕೋರ್ಟ್ ನಗರದ ಪರವಾಗಿ ತೀರ್ಪು ನೀಡಿತು. ಕಟ್ಟಲಾಗದ ಎತ್ತರದ ಹಕ್ಕನ್ನು ಅಕ್ಕಪಕ್ಕದ ನಿವೇಶನಗಳಿಗೆ ವರ್ಗಾಯಿಸುವ ಅವಕಾಶ ಮಾಲೀಕರಿಗಿತ್ತು ಎಂಬುದನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು.

ಇದೇ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ನಮ್ಮಲ್ಲಿ ಎಲ್ಲರೂ ಟಿಡಿಆರ್ ಎನ್ನುವುದು, ಕರ್ನಾಟಕದಲ್ಲಿ ಹೆಚ್ಚಾಗಿ ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಸಿಗುವ ಪರಿಹಾರವಾಗಿ ಪರಿಚಿತ. ಹಳೆಯ ಮನೆಯನ್ನು ಕೆಡವಲು ಕಾರಣವಾಗುವ ಕಾಮಗಾರಿಗೆ ಒದಗುವ ಸಾಧನವೇ ಅಹಮದಾಬಾದಿನಲ್ಲಿ ಪೋಳಗಳ, ಅಂದರೆ ಹಳೆಯ ನಗರದ ವಸತಿ ಕೇರಿಗಳ, ಪಾರಂಪರಿಕ ಮನೆಗಳ ಮಾಲೀಕರಿಗೆ ಮನೆ ಉಳಿಸಿಕೊಳ್ಳಲು ಸಿಗುತ್ತದೆ. ಇಂಥ ಒಂದು ಪ್ರಶ್ನೆಯನ್ನು ಹಿಡಿದರೆ ನೀವು ಯಾವ ವಿಭಾಗದವರೆಂದು ಯಾರೂ ಕೇಳಲಾರರು. ವಿದೇಶಕ್ಕೆ ಬರುವ ಯೋಚನೆಯಿದ್ದರೆ ನೆನಪಿಡಿ: ಸ್ನಾತಕೋತ್ತರ ಪದವಿಗೆ ಇಲ್ಲಿ ಹಣ ಸುರಿಯಬೇಕಾಗುತ್ತದೆ, ಪಿಎಚ್.ಡಿ.ಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ವೇತನ ಕೊಡುತ್ತದೆ.

ಪ್ರಶ್ನಿಸಿದವರು: ತೊಟ್ಟಿಮನೆ

ಎಲ್ಲರಿಗೂ ಕೃತಜ್ಞತೆಗಳು. ಸುಣ್ಣಗಾರೆಯವರ ದಾರಿ ನನಗೆ ಒಪ್ಪಿಗೆಯಾಗುತ್ತಿದೆ. ಒಂದು ಪ್ರಶ್ನೆ ಉಳಿದಿದೆ: ಮೈಸೂರನ್ನೇ ಅಧ್ಯಯನಕ್ಕೆ ಆರಿಸಿಕೊಂಡರೆ ವಿಷಯ ತೀರಾ ಸ್ಥಳೀಯವಾಯಿತೆಂದು ತಳ್ಳಿಹಾಕುವ ಸಂಭವವಿದೆಯೇ?

ಉತ್ತರ: ಕಡತ

ಇತಿಹಾಸ ವಿಭಾಗದವಳಾಗಿ ಹೇಳುತ್ತೇನೆ, ಖಂಡಿತ ಇಲ್ಲ. ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿ ರಚನೆಯಾದದ್ದು 1903ರಲ್ಲಿ. ಪ್ಲೇಗಿನ ಹಾವಳಿಯ ನಂತರ ಇಕ್ಕಟ್ಟಾದ ಕೇರಿಗಳನ್ನು ತೆರೆದು ಹೊಸ ಬಡಾವಣೆಗಳನ್ನು ನಿರ್ಮಿಸಿದ ಆ ಕಾಲದ ಯೋಜನೆಯನ್ನೇ ನಾವು ಇಂದು ಪರಂಪರೆ ಎಂದು ಕರೆಯುತ್ತಿದ್ದೇವೆ. ಅದು ಯಾವ ಹಳೆಯ ಊರನ್ನು ಅಳಿಸಿ ಬಂದಿತು ಎಂಬುದನ್ನು ಕೇಳುವವರು ವಿರಳ. ಉತ್ತರಿಸಬೇಕಾದ ದಾಖಲೆಗಳು ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ, ನಗರಪಾಲಿಕೆಯ ಹಳೆಯ ಖಾತೆ ಪುಸ್ತಕಗಳಲ್ಲಿವೆ, ಮನೆಮನೆಯ ಕ್ರಯಪತ್ರಗಳಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಕೈಬರಹದ ಕನ್ನಡದಲ್ಲಿವೆ. ಕಟ್ಟಡದ ಅಳತೆ ತೆಗೆಯಬಲ್ಲ, ವಲಯ ನಿಯಮ ಅರ್ಥಮಾಡಿಕೊಳ್ಳಬಲ್ಲ, ಜೊತೆಗೆ ಆ ಕೈಬರಹವನ್ನೂ ಓದಬಲ್ಲ ಸಂಶೋಧಕರನ್ನು ನಾನು ಬಹಳ ಅಪರೂಪವಾಗಿ ಕಂಡಿದ್ದೇನೆ. ಎಂ.ಆರ್ಕ್ ಸೇರುವ ಮೊದಲೇ ಒಂದು ಬೀದಿಯನ್ನು ಆರಿಸಿಕೊಂಡು, ಅಲ್ಲಿನ ಪ್ರತಿ ಮನೆಯ ನಕ್ಷೆಯ ಜೊತೆಗೆ ಅದರ ಒಡೆತನ ಕೈಬದಲಾದ ವಿವರವನ್ನು ಮಾಲೀಕರ ಒಪ್ಪಿಗೆ ಪಡೆದು ಬರೆದಿಡಲು ಆರಂಭಿಸಿ. ಸಂದರ್ಶನದಲ್ಲಿ ಮುಂದಿಡಲು ಅದೇ ಸಾಕು, ಪ್ರಬಂಧದ ಮೊದಲ ಅಧ್ಯಾಯವೂ ಅಲ್ಲಿಂದಲೇ ಬರುತ್ತದೆ.